ಆಕಾಶದಿಂದ ನ್ಯಾಯಪೀಠಕ್ಕೆ ಬಂದ ಅಲ್ರಿಕ್ ಕ್ರಾಸ್

ಟ್ರಿನಿಡಾಡ್ ಎಂದ ಕೂಡಲೇ ನನ್ನ ವಯಸ್ಸಿನವರಿಗೆ ನೆನಪಾಗುವುದು ಕ್ರಿಕೆಟ್. 1971ರಲ್ಲಿ ಭಾರತ ವೆಸ್ಟ್ ಇಂಡೀಸ್ ತಂಡವನ್ನು ಟೆಸ್ಟ್ ಪಂದ್ಯದಲ್ಲಿ ಮೊಟ್ಟಮೊದಲ ಸಲ ಸೋಲಿಸಿದ್ದು ಆ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ. 1976ರಲ್ಲಿ ಅದೇ ಮೈದಾನದಲ್ಲಿ ನಮ್ಮವರು ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್‌ಗಳ ಗುರಿಯನ್ನು ಬೆನ್ನಟ್ಟಿ ಗೆದ್ದರು. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 112 ರನ್ ಹೊಡೆದ ಪಂದ್ಯ ಅದು. ರೇಡಿಯೊಕ್ಕೆ ಕಿವಿ ಹಚ್ಚಿ ಕೂತಿದ್ದ ಅಜ್ಜಂದಿರನ್ನು ಕೇಳಿ ನೋಡಿ, ಈಗಲೂ ಕಣ್ಣರಳಿಸಿ ಹೇಳುತ್ತಾರೆ.

ಆ ದಿನಗಳಲ್ಲಿ ಟ್ರಿನಿಡಾಡ್ ದೇಶದ ಹೈಕೋರ್ಟಿನಲ್ಲಿ ಕೂತು ನ್ಯಾಯ ಹೇಳುತ್ತಿದ್ದವರಲ್ಲಿ ಅಲ್ರಿಕ್ ಕ್ರಾಸ್ ಎಂಬವರೊಬ್ಬರು. ಕಪ್ಪು ನಿಲುವಂಗಿ ತೊಟ್ಟು ಎರಡೂ ಕಡೆಯ ವಕೀಲರ ವಾದ ಕೇಳುತ್ತಿದ್ದ ಈ ನ್ಯಾಯಮೂರ್ತಿ, ಅದಕ್ಕೆ ಮೂವತ್ತು ವರ್ಷ ಮೊದಲು ಏನಾಗಿದ್ದರು ಗೊತ್ತೇ? ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸೇರಿ, ಜರ್ಮನಿ ಮತ್ತು ಅದು ಆಕ್ರಮಿಸಿದ್ದ ದೇಶಗಳ ಮೇಲೆ 80 ಸಲ ಹಾರಿ ಬಂದಿದ್ದ ವೀರ. ವೆಸ್ಟ್ ಇಂಡೀಸ್ ದ್ವೀಪಗಳಿಂದ ಆ ಯುದ್ಧಕ್ಕೆ ಹೋದವರಲ್ಲಿ ಅತಿ ಹೆಚ್ಚು ಗೌರವ ಪಡೆದವರು ಎಂದೇ ಅವರು ಹೆಸರಾದವರು.

ವಿಮಾನದಿಂದ ಇಳಿದವರು ವಕೀಲರಾದದ್ದು ಹೇಗೆ? ಯಾಕೆ? ಆ ಕತೆಯನ್ನೇ ಈ ವಾರ ಹೇಳುತ್ತೇನೆ. ಅಜ್ಜ ಅಜ್ಜಿಯರು ಓದಿ ಹೇಳಬಹುದು, ಮೊಮ್ಮಕ್ಕಳು ಓದಿ ಅಜ್ಜ ಅಜ್ಜಿಗೂ ಹೇಳಬಹುದು.

ತಾಯಿ ಇಲ್ಲದ ಹುಡುಗ

ಅಲ್ರಿಕ್ ಕ್ರಾಸ್ ಹುಟ್ಟಿದ್ದು 1917ರ ಮೇ 1ರಂದು, ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಮನೆ ತುಂಬ ಮಕ್ಕಳು, ಒಟ್ಟು ಒಂಬತ್ತು ಜನ. ಆಗ ಟ್ರಿನಿಡಾಡ್ ಬ್ರಿಟಿಷರ ವಸಾಹತು, ನಮ್ಮ ದೇಶದ ಹಾಗೆಯೇ. ಆಫ್ರಿಕದಿಂದ ಗುಲಾಮರಾಗಿ ಬಂದವರ ವಂಶದವರೂ 1845ರಿಂದ ಕಬ್ಬಿನ ತೋಟಗಳಲ್ಲಿ ಕೂಲಿ ಮಾಡಲು ಹಡಗಿನಲ್ಲಿ ಭಾರತದಿಂದ ಹೋದವರ ವಂಶದವರೂ ಅಲ್ಲಿ ಅಕ್ಕಪಕ್ಕದಲ್ಲಿ ಬಾಳುತ್ತಿದ್ದರು. ಅಲ್ರಿಕ್ ಆಫ್ರಿಕ ಮೂಲದವರು.

ಹುಡುಗ ಓದಿನಲ್ಲಿ ಚುರುಕು. ಹನ್ನೊಂದನೆಯ ವಯಸ್ಸಿಗೆ ಇಡೀ ದ್ವೀಪದ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ಮೊದಲಿಗನಾಗಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಸೇಂಟ್ ಮೇರೀಸ್ ಕಾಲೇಜು ಎಂಬ ಒಳ್ಳೆಯ ಪ್ರೌಢಶಾಲೆಗೆ ಸೇರಿದ. ಎರಡು ವರ್ಷ ಕಳೆಯುವಷ್ಟರಲ್ಲಿ ತಾಯಿ ತೀರಿಕೊಂಡರು. ಹದಿಮೂರು ವರ್ಷದ ಹುಡುಗನಿಗೆ ಪುಸ್ತಕದ ಮೇಲಿದ್ದ ಮನಸ್ಸೇ ಹೊರಟುಹೋಯಿತು. ಮೊದಲಿಗನೆಂದು ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದ ಹುಡುಗ ಓದಿನಲ್ಲಿ ಹಿಂದೆ ಬಿದ್ದು ಶಾಲೆಯನ್ನೇ ಬಿಟ್ಟ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಯಾವುದಾದರೂ ಮಗು ಇದ್ದಕ್ಕಿದ್ದಂತೆ ಓದಿನಲ್ಲಿ ಹಿಂದೆ ಬಿದ್ದರೆ ನಾವು ದೊಡ್ಡವರು ಸೋಮಾರಿ ಎನ್ನುತ್ತೇವೆ, ಮೊಬೈಲ್ ಹುಚ್ಚು ಎನ್ನುತ್ತೇವೆ. ಒಳಗೆ ಯಾವ ನೋವಿದೆ ಎಂದು ಕೇಳುವುದು ಕಡಿಮೆ. ಈ ಹುಡುಗನ ಕತೆ ಅಲ್ಲಿಗೇ ಮುಗಿಯಲಿಲ್ಲ ಎಂಬುದೇ ಸಮಾಧಾನ.

ಶಾಲೆ ಬಿಟ್ಟ ಅಲ್ರಿಕ್ ಮೊದಲು ಒಂದು ಪತ್ರಿಕೆಯ ಕಚೇರಿಯಲ್ಲಿ ಬರಹಗಳನ್ನು ತಿದ್ದುವ ಕೆಲಸಕ್ಕೆ ಸೇರಿದರು. ಆಮೇಲೆ ಒಬ್ಬ ವಕೀಲರ ಬಳಿ ಗುಮಾಸ್ತರಾದರು. ಅದರ ನಂತರ ರೈಲ್ವೆಯಲ್ಲಿ ಗುಮಾಸ್ತಿಕೆ. ಗುಮಾಸ್ತನ ಕೆಲಸವನ್ನು ಯಾರೂ ಹಗುರವಾಗಿ ಕಾಣಬಾರದು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಅದನ್ನೇ ಮಾಡಿದ ನನಗೆ ಅದರ ಬೆಲೆ ಗೊತ್ತು. ಕಾಗದವನ್ನು ಪೂರ್ತಿ ಓದುವುದು, ತಾರೀಖು ನೋಡುವುದು, ಸಹಿ ಹೋಲಿಸುವುದು, ಲೆಕ್ಕ ತಾಳೆಯಾಗದೆ ಮನೆಗೆ ಹೋಗದಿರುವುದು, ಇವೆಲ್ಲ ಅಲ್ಲಿ ಕಲಿಯುವ ಪಾಠಗಳು. ಈ ಪಾಠಗಳೇ ಅಲ್ರಿಕ್ ಅವರನ್ನು ಮುಂದೆ ಆಕಾಶದಲ್ಲೂ ನ್ಯಾಯಾಲಯದಲ್ಲೂ ಕಾಪಾಡಿದವು ಎಂದು ನನಗೆ ಅನಿಸುತ್ತದೆ.

ಮರದ ವಿಮಾನ

1939ರಲ್ಲಿ ಯುದ್ಧ ಶುರುವಾಯಿತು. ಹಿಟ್ಲರನ ಸೇನೆ ಒಂದೊಂದೇ ದೇಶವನ್ನು ನುಂಗುತ್ತಾ ಬಂತು. ಪ್ರಪಂಚ ಮುಳುಗುತ್ತಿರುವಾಗ ಕೈಕಟ್ಟಿ ಕೂರಲಾಗದು ಎಂದು ಅಲ್ರಿಕ್ 1941ರಲ್ಲಿ ರಾಯಲ್ ಏರ್‌ಫೋರ್ಸಿಗೆ ಹೆಸರು ಕೊಟ್ಟರು. ಆಗ ಅವರಿಗೆ 24 ವರ್ಷ. ಜರ್ಮನಿಯ ಜಲಾಂತರ್ಗಾಮಿಗಳು ಹೊಂಚು ಹಾಕುತ್ತಿದ್ದ ಅಟ್ಲಾಂಟಿಕ್ ಸಾಗರವನ್ನು ಹಡಗಿನಲ್ಲಿ ದಾಟಿ ಇಂಗ್ಲೆಂಡಿಗೆ ಹೋದರು. ತರಬೇತಿ ಮುಗಿದಾಗ ಅವರಿಗೆ ಸಿಕ್ಕ ಹುದ್ದೆಯ ಹೆಸರು ‘ಪೈಲಟ್ ಆಫೀಸರ್’.

ಮಕ್ಕಳೇ, ಇಲ್ಲೊಂದು ಗಮ್ಮತ್ತಿದೆ. ಪೈಲಟ್ ಆಫೀಸರ್ ಎಂಬುದು ಸೇನೆಯಲ್ಲಿ ಒಂದು ದರ್ಜೆ ಅಷ್ಟೇ. ಆ ದರ್ಜೆಯವರೆಲ್ಲ ವಿಮಾನ ಓಡಿಸಬೇಕೆಂದಿಲ್ಲ. ಅಲ್ರಿಕ್ ಅವರು ನ್ಯಾವಿಗೇಟರ್ ಆದರು, ಅಂದರೆ ಪೈಲಟನ ಪಕ್ಕದಲ್ಲಿ ಕೂತು ದಾರಿ ಹೇಳುವವರು. ಈಗ ಕಾರಿನಲ್ಲಿ ಮೊಬೈಲೇ ದಾರಿ ಹೇಳುತ್ತದೆ. ಆಗ ಅವರ ಕೈಯಲ್ಲಿದ್ದದ್ದು ನಕ್ಷೆ, ಪೆನ್ಸಿಲ್, ಸ್ಕೇಲ್, ಗಡಿಯಾರ. ವಿಮಾನಕ್ಕೆ ರೇಡಿಯೊ ಅಲೆಗಳ ಸಹಾಯವೂ ಇತ್ತು, ಆದರೂ ಕೊನೆಗೆ ಲೆಕ್ಕ ಮಾಡಬೇಕಾದದ್ದು ತಲೆಯೇ.

ಆ ಲೆಕ್ಕದ ರುಚಿ ನೋಡಿ. ವಿಮಾನ ಗಂಟೆಗೆ 480 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ನಿಮಿಷಕ್ಕೆ 8 ಕಿಲೋಮೀಟರ್ ಆಯಿತು. ನ್ಯಾವಿಗೇಟರ್ ಮೂರು ನಿಮಿಷ ತಪ್ಪಿದರೆ ವಿಮಾನ 24 ಕಿಲೋಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಪ್ರತಿ 60 ಕಿಲೋಮೀಟರಿಗೆ ಸುಮಾರು ಒಂದು ಕಿಲೋಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತೀರಿ. ಪೂರ್ವ ಇಂಗ್ಲೆಂಡಿನಿಂದ ಬರ್ಲಿನ್‌ಗೆ ಸುಮಾರು 800 ಕಿಲೋಮೀಟರ್. ಅಲ್ಲಿಗೆ ಮುಟ್ಟುವ ಹೊತ್ತಿಗೆ 13 ಕಿಲೋಮೀಟರ್ ಆಚೆ! ಇದರ ಜೊತೆಗೆ ಗಾಳಿ ಬೇರೆ ಪಕ್ಕಕ್ಕೆ ತಳ್ಳುತ್ತಿರುತ್ತದೆ, ಕೆಳಗಿನಿಂದ ಶತ್ರುಗಳ ಫಿರಂಗಿಗಳು ಗುಂಡು ಹಾರಿಸುತ್ತಿರುತ್ತವೆ. ಅಷ್ಟರ ನಡುವೆ ಕೈ ನಡುಗದೆ ಲೆಕ್ಕ ಮಾಡಬೇಕು.

ಅವರು ಹಾರಿದ ವಿಮಾನದ ಹೆಸರು ‘ಮಸ್ಕಿಟೊ’, ಅಂದರೆ ಸೊಳ್ಳೆ. ಲೋಹದ ಕೊರತೆಯ ಆ ಕಾಲದಲ್ಲಿ ಅದರ ಮೈಯನ್ನೂ ರೆಕ್ಕೆಯನ್ನೂ ಮರದಿಂದ ಮಾಡಿದ್ದರು. ಪ್ಲೈವುಡ್ ಹಾಳೆಗಳನ್ನು ಅಂಟಿನಿಂದ ಕೂಡಿಸಿ ಕಟ್ಟಿದ ಆ ವಿಮಾನಕ್ಕೆ ಎರಡು ಎಂಜಿನ್. ಒಳಗೆ ಇಬ್ಬರೇ ಜನ, ಪೈಲಟ್ ಮತ್ತು ನ್ಯಾವಿಗೇಟರ್. ಬಾಂಬ್ ಹೊರುವ ಮಸ್ಕಿಟೊಗಳಲ್ಲಿ ಆತ್ಮರಕ್ಷಣೆಗೆ ಒಂದು ಬಂದೂಕೂ ಇರುತ್ತಿರಲಿಲ್ಲ. ವೇಗವೇ ಅದರ ರಕ್ಷಣೆ. ನಮ್ಮ ಊರಿಗೂ ಈ ಸೊಳ್ಳೆಗೂ ನಂಟುಂಟು. 1944ರಲ್ಲಿ ಬೆಂಗಳೂರಿನ ಪಕ್ಕದ ಯಲಹಂಕದಲ್ಲಿ ಮಸ್ಕಿಟೊ ಹಾರಿಸಲು ಕಲಿಸುವ ಘಟಕವೊಂದು ಇತ್ತು. ಅದೇ ವರ್ಷದ ಕೊನೆಗೆ ರೆಕ್ಕೆಯ ಮರದ ಜೋಡಣೆಯಲ್ಲಿ ದೋಷ ಕಂಡದ್ದರಿಂದ ಭಾರತದಲ್ಲಿದ್ದ ಮಸ್ಕಿಟೊಗಳನ್ನು ಕೆಲಕಾಲ ಹಾರಿಸದೆ ನಿಲ್ಲಿಸಿದ್ದರು.

ಕ್ರಾಸ್ ಅವರಿದ್ದದ್ದು 139ನೇ ಸ್ಕ್ವಾಡ್ರನ್‌ನಲ್ಲಿ. ಅವರದು ಮುಂದೆ ಹೋಗಿ ದಾರಿ ತೋರಿಸುವ ಪಡೆ. ಹಿಂದೆ ಬರುವ ದೊಡ್ಡ ವಿಮಾನಗಳಿಗೆ ಗುರಿ ಕಾಣಲೆಂದು ಬಣ್ಣದ ಬೆಳಕಿನ ಗುರುತುಗಳನ್ನು ಬೀಳಿಸಿ ಬರಬೇಕಿತ್ತು. ಮುಂದಿನವರು ತಪ್ಪಿದರೆ ಹಿಂದಿನವರೆಲ್ಲ ತಪ್ಪಿದಂತೆ. 80 ಹಾರಾಟಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಬರ್ಲಿನ್ ಮೇಲೆಯೇ ಹೋಗಿ ಬಂದರು. ಸಾಮಾನ್ಯವಾಗಿ 30 ಹಾರಾಟ ಮುಗಿದ ಮೇಲೆ ವಿಶ್ರಾಂತಿ ಕೊಡುತ್ತಿದ್ದರು. ಕ್ರಾಸ್ ಬೇಡವೆಂದರು. 50 ಆದ ಮೇಲೆಯೂ ಬೇಡವೆಂದರು.

ಒಂದು ಸಲ ಹಿಂತಿರುಗಿ ಬರುವಾಗ ಒಂದು ಎಂಜಿನ್ ಕೈಕೊಟ್ಟಿತು. ಉಳಿದೊಂದು ಎಂಜಿನ್ನಿನಲ್ಲಿ ಹೇಗೋ ಇಂಗ್ಲೆಂಡ್ ಮುಟ್ಟಿ ಸ್ವಾಂಟನ್ ಮಾರ್ಲಿ ಎಂಬಲ್ಲಿ ಇಳಿಯುವಾಗ ವಿಮಾನ ಹತೋಟಿ ತಪ್ಪಿ, ಪಾಳುಬಿದ್ದ ಕಲ್ಲುಕ್ವಾರಿಗೆ ನುಗ್ಗಿತು. ಪೈಲಟ್ ರಾಯ್ ಡೇವನ್‌ಪೋರ್ಟ್ ಮತ್ತು ಕ್ರಾಸ್ ಇಬ್ಬರೂ ಬದುಕಿಕೊಂಡರು. ಬದುಕಿಕೊಂಡವರು ಮತ್ತೆ ಹಾರಿದರು. 1944ರಲ್ಲಿ ಕ್ರಾಸ್ ಅವರಿಗೆ ಡಿಎಫ್‌ಸಿ ಪದಕ ಬಂತು, ಅದರ ಬೆನ್ನಿಗೇ ಇನ್ನೂ ದೊಡ್ಡದಾದ ಡಿಎಸ್ಒ. ಯುದ್ಧದ ಕೊನೆಗೆ ಸ್ಕ್ವಾಡ್ರನ್ ಲೀಡರ್ ಆಗಿದ್ದರು.

ಯುದ್ಧದ ಇನ್ನೊಂದು ಲೆಕ್ಕ

ಯುದ್ಧದ ಕತೆ ಹೇಳುವಾಗ ಮಕ್ಕಳಿಗೆ ಅರ್ಧ ಮಾತ್ರ ಹೇಳಬಾರದು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000 ಜನ. ಅವರಲ್ಲಿ ಸತ್ತವರು 55,573. ನೂರಕ್ಕೆ 44 ಜನ ವಾಪಸು ಬರಲಿಲ್ಲ. ಸಂಜೆ ಊಟದ ಮೇಜಿನಲ್ಲಿ ಪಕ್ಕದಲ್ಲಿ ಕೂತಿದ್ದ ಗೆಳೆಯನ ಕುರ್ಚಿ ಬೆಳಗ್ಗೆ ಖಾಲಿ. ಟ್ರಿನಿಡಾಡಿನಿಂದ ಜೊತೆಗೆ ಬಂದ ಹುಡುಗರಲ್ಲೂ ಹಲವರು ಊರು ಕಾಣಲಿಲ್ಲ.

ಇನ್ನು ಕೆಳಗೆ, ಬಾಂಬು ಬೀಳುತ್ತಿದ್ದ ಊರುಗಳಲ್ಲಿ? ಅಲ್ಲೂ ನಿಮ್ಮಂಥ ಮಕ್ಕಳಿದ್ದರು, ನಮ್ಮಂಥ ಅಜ್ಜ ಅಜ್ಜಿಯರಿದ್ದರು. ಹಿಟ್ಲರನನ್ನು ತಡೆಯದೆ ಗತಿಯಿರಲಿಲ್ಲ ಎಂಬುದು ನಿಜ. ಅದಕ್ಕಾಗಿ ತೆತ್ತ ಬೆಲೆಯನ್ನು ಏನೂ ತಪ್ಪು ಮಾಡದ ಎಷ್ಟೋ ಜನ ತೆತ್ತರು ಎಂಬುದೂ ನಿಜ. ಆಕಾಶದಿಂದ ಬೀಳುವ ಬಾಂಬು ಯಾರನ್ನೂ ವಿಚಾರಣೆ ಮಾಡುವುದಿಲ್ಲ. ‘ನೀನು ತಪ್ಪು ಮಾಡಿದ್ದೀಯಾ, ನಿನ್ನ ಮಾತೇನು?’ ಎಂದು ಕೇಳುವುದಿಲ್ಲ. ಹಾಗೆ ಕೇಳುವ ಜಾಗ ಒಂದೇ, ನ್ಯಾಯಾಲಯ. ಯುದ್ಧ ಕಂಡವರು ಕಾನೂನಿನ ಕಡೆಗೆ ತಿರುಗಿದ್ದರಲ್ಲಿ ಆಶ್ಚರ್ಯವೇನಿಲ್ಲ ಎಂದು ನನಗೆ ಅನಿಸುವುದು ಈ ಕಾರಣಕ್ಕೆ.

ಐದು ಗಿನಿಯ ತೀರ್ಪು

ಕ್ರಾಸ್ ಅವರು ಲಂಡನ್ನಿಗಾಗಿ ಪ್ರಾಣ ಪಣಕ್ಕಿಟ್ಟು ಹಾರುತ್ತಿದ್ದ 1943ನೇ ಇಸವಿಯಲ್ಲೇ ಲಂಡನ್ನಿನಲ್ಲಿ ಒಂದು ಘಟನೆ ನಡೆಯಿತು. ಟ್ರಿನಿಡಾಡಿನ ಇನ್ನೊಬ್ಬ ಮಗ, ಪ್ರಸಿದ್ಧ ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನ್, ಹೆಂಡತಿ ಮತ್ತು ಮಗಳ ಜೊತೆ ಇಂಪೀರಿಯಲ್ ಹೋಟೆಲಿಗೆ ಹೋದರು. ಕೋಣೆ ಮೊದಲೇ ಕಾದಿರಿಸಿದ್ದರು. ಮೈಬಣ್ಣ ನೋಡಿದ ಹೋಟೆಲಿನವರು ಅವರನ್ನು ಇರಗೊಡಲಿಲ್ಲ.

ಕಾನ್‌ಸ್ಟಂಟೈನ್ ಜಗಳಕ್ಕೆ ನಿಲ್ಲಲಿಲ್ಲ, ಕೋರ್ಟಿಗೆ ಹೋದರು. ಆಗ ಬ್ರಿಟನ್ನಿನಲ್ಲಿ ವರ್ಣಭೇದವನ್ನು ತಡೆಯುವ ಕಾನೂನೇ ಇರಲಿಲ್ಲ. ಆದರೆ ಬಂದ ಪ್ರಯಾಣಿಕನಿಗೆ ಸಕಾರಣವಿಲ್ಲದೆ ಛತ್ರದವನು ಜಾಗ ಇಲ್ಲವೆನ್ನಬಾರದು ಎಂಬ ಹಳೆಯ ನಿಯಮವೊಂದಿತ್ತು. ಅದನ್ನು ಹಿಡಿದೇ ಅವರ ವಕೀಲರು ವಾದಿಸಿದರು. 1944ರಲ್ಲಿ ನ್ಯಾಯಮೂರ್ತಿ ಬರ್ಕೆಟ್ ಅವರು ಕಾನ್‌ಸ್ಟಂಟೈನ್ ಪರವಾಗಿ ತೀರ್ಪು ಕೊಟ್ಟರು. ಪರಿಹಾರ ಐದು ಗಿನಿ. ಒಂದು ಗಿನಿ ಎಂದರೆ 21 ಷಿಲ್ಲಿಂಗ್, ಐದಕ್ಕೆ 105 ಷಿಲ್ಲಿಂಗ್, ಅಂದರೆ 5 ಪೌಂಡ್ 5 ಷಿಲ್ಲಿಂಗ್. ಹಣವಾಗಿ ನೋಡಿದರೆ ಅಲ್ಪ. ಆದರೆ ‘ನಿನಗೆ ಅನ್ಯಾಯವಾಗಿದೆ’ ಎಂದು ದೇಶದ ನ್ಯಾಯಾಲಯ ಎಲ್ಲರ ಎದುರು ಬರೆದುಕೊಟ್ಟಿತಲ್ಲ, ಅದರ ಬೆಲೆಯನ್ನು ಯಾವ ಲೆಡ್ಜರಿನಲ್ಲೂ ಬರೆಯಲಾಗದು. ಮುಂದೆ ಕಾನ್‌ಸ್ಟಂಟೈನ್ ಕೂಡ ಕಾನೂನು ಓದಿ 1954ರಲ್ಲಿ ಬ್ಯಾರಿಸ್ಟರ್ ಆದರು.

32ನೇ ವಯಸ್ಸಿಗೆ ಬ್ಯಾರಿಸ್ಟರ್

ಯುದ್ಧ ಮುಗಿಯುತ್ತಿದ್ದ ಕಾಲಕ್ಕೆ ಕ್ರಾಸ್ ಅವರಿಗೆ, ವಸಾಹತುಗಳಿಂದ ಬಂದ ಸೈನಿಕರ ವಿಚಾರಗಳನ್ನು ಸರ್ಕಾರದ ಜೊತೆ ಮಾತಾಡಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದರ ಜೊತೆಗೆ ಕಾನೂನಿನ ಓದು. ಹದಿಹರೆಯದಲ್ಲಿ ಪುಸ್ತಕ ಮುಚ್ಚಿಟ್ಟಿದ್ದವರು ಮೂವತ್ತರ ಹೊಸ್ತಿಲಲ್ಲಿ ಮತ್ತೆ ತೆರೆದರು. 1949ರಲ್ಲಿ ಲಂಡನ್ನಿನ ಮಿಡಲ್ ಟೆಂಪಲ್ ಸಂಸ್ಥೆಯಿಂದ ಬ್ಯಾರಿಸ್ಟರ್ ಆದರು. ಆಗ ಅವರಿಗೆ 32 ವರ್ಷ.

ಪದಕ ಹೊತ್ತು ಬಂದವರಿಗೆ ಊರಲ್ಲಿ ಕೆಂಪು ಜಮಖಾನೆಯೇನೂ ಹಾಸಿರಲಿಲ್ಲ. ಆಮದು ರಫ್ತು ಇಲಾಖೆಯಲ್ಲಿ ಕಾನೂನು ಸಲಹೆಗಾರರ ಕೆಲಸ ಸಿಕ್ಕಿತು. ಕೆಲವು ವರ್ಷ ಅದನ್ನು ಮಾಡಿ 1953ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಅಲ್ಲಿ ಬಿಬಿಸಿ ರೇಡಿಯೊದಲ್ಲಿ ಭಾಷಣ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಕೆಲಸ. ಹಾರಾಟ, ಕಾನೂನು, ರೇಡಿಯೊ! ಇವರು ಯಾವುದರಲ್ಲೂ ನಿಲ್ಲುವವರಲ್ಲ ಎಂದು ಆಗ ನೋಡಿದವರು ಅಂದುಕೊಂಡಿರಬಹುದು. ಆದರೆ ದೊಡ್ಡ ಕೆಲಸ ಇನ್ನು ಮುಂದೆ ಕಾದಿತ್ತು.

ಹೊಸ ದೇಶಗಳಿಗೆ ಹೊಸ ಕಾನೂನು

1957ರಲ್ಲಿ ಆಫ್ರಿಕದ ಘಾನಾ ಸ್ವತಂತ್ರವಾಯಿತು. ಒಂದು ದೇಶ ಸ್ವತಂತ್ರವಾದರೆ ಬಾವುಟ ಬದಲಾಗುತ್ತದೆ, ರಾಷ್ಟ್ರಗೀತೆ ಬದಲಾಗುತ್ತದೆ. ಅಷ್ಟೇ ಸಾಕೇ? ಮೊಕದ್ದಮೆ ನಡೆಸಲು ವಕೀಲರು ಬೇಕು, ತೀರ್ಪು ಹೇಳಲು ನ್ಯಾಯಾಧೀಶರು ಬೇಕು, ಅವರನ್ನು ತಯಾರು ಮಾಡಲು ಮೇಷ್ಟರು ಬೇಕು. ವಿದೇಶಿ ಅಧಿಕಾರಿಗಳು ಹೊರಟುಹೋದ ಕುರ್ಚಿಗಳಲ್ಲಿ ಯಾರು ಕೂರಬೇಕು? ಕ್ರಾಸ್ ಘಾನಾಕ್ಕೆ ಹೋದರು. ಸರ್ಕಾರಿ ವಕೀಲರಾದರು, ಅಪರಾಧ ಕಾನೂನಿನ ಪಾಠ ಹೇಳಿದರು.

1960ರಲ್ಲಿ ಅಲ್ಲಿಂದ ಪಶ್ಚಿಮ ಕ್ಯಾಮರೂನಿಗೆ ಹೋಗಿ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಹಿರಿಯ ಕಾನೂನು ಅಧಿಕಾರಿಯಾದರು. ಅಲ್ಲಿನ ತೊಡಕು ವಿಚಿತ್ರವಾದದ್ದು. 1961ರಲ್ಲಿ ಇಂಗ್ಲಿಷರ ಆಡಳಿತದಲ್ಲಿದ್ದ ಭಾಗವೂ ಫ್ರೆಂಚರ ಆಡಳಿತದಲ್ಲಿದ್ದ ಭಾಗವೂ ಕೂಡಿ ಒಂದೇ ದೇಶವಾದವು. ಒಂದು ಕಡೆ ಇಂಗ್ಲಿಷ್ ಭಾಷೆ, ಇನ್ನೊಂದು ಕಡೆ ಫ್ರೆಂಚ್. ಒಂದು ಕಡೆ ಪೌಂಡು, ಇನ್ನೊಂದು ಕಡೆ ಫ್ರಾಂಕು. ಒಂದು ಕಡೆ ಹಿಂದಿನ ತೀರ್ಪುಗಳನ್ನು ಆಧಾರವಾಗಿ ಹಿಡಿದು ನಡೆಯುವ ಬ್ರಿಟಿಷ್ ಪದ್ಧತಿ, ಇನ್ನೊಂದು ಕಡೆ ಎಲ್ಲವನ್ನೂ ಸಂಹಿತೆಯಲ್ಲಿ ಬರೆದಿಟ್ಟ ಫ್ರೆಂಚ್ ಪದ್ಧತಿ.

ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಐದು ಆಡಳಿತಗಳ ಕಾಗದಪತ್ರ, ಅಳತೆ, ಕಂದಾಯದ ರೀತಿನೀತಿಗಳು ಒಂದೇ ಮನೆಗೆ ಬಂದವು. ಅವನ್ನು ಹೊಂದಿಸಲು ವರ್ಷಗಳೇ ಹಿಡಿದವು. ನಮಗೆ ಭಾಷೆ ಒಂದಿತ್ತು. ಅಲ್ಲಿ ಅದೂ ಇರಲಿಲ್ಲ. ಕ್ರಾಸ್ ಆರು ವರ್ಷ ಅಲ್ಲಿ ದುಡಿದರು.

1967ರಲ್ಲಿ ಟಾಂಜಾನಿಯಾದ ಹೈಕೋರ್ಟಿನ ನ್ಯಾಯಾಧೀಶರಾದರು. ಜೂಲಿಯಸ್ ನ್ಯೆರೆರೆ ಅಲ್ಲಿನ ಅಧ್ಯಕ್ಷರಾಗಿದ್ದ ಕಾಲ. ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದಲ್ಲಿ ಕಾನೂನು ವಿಭಾಗದ ಡೀನ್ ಕೂಡ ಆದರು. ತಾಯಿ ಸತ್ತಾಗ ಶಾಲೆ ಬಿಟ್ಟ ಹುಡುಗ ವಿಶ್ವವಿದ್ಯಾಲಯದ ಡೀನ್ ಆದದ್ದು ಹೀಗೆ.

1971ರಲ್ಲಿ ಕ್ರಾಸ್ ಊರಿಗೆ ಮರಳಿದರು. ಟ್ರಿನಿಡಾಡ್ 1962ರಲ್ಲೇ ಸ್ವತಂತ್ರವಾಗಿತ್ತು. ಅಲ್ಲಿನ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿ, 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಏರಿದರು. ಆಮೇಲೆ ಹಳೆಯ ಕಾನೂನುಗಳನ್ನು ತಿದ್ದಲು ಸಲಹೆ ಕೊಡುವ ಆಯೋಗದ ಮುಖ್ಯಸ್ಥರೂ ಆದರು. 1990ರಲ್ಲಿ, 73ನೇ ವಯಸ್ಸಿಗೆ, ತಮ್ಮ ದೇಶದ ಹೈಕಮಿಷನರ್ ಆಗಿ ಮತ್ತೆ ಲಂಡನ್ನಿಗೆ ಹೋದರು. ಯಾವ ಊರಿಗೆ 24 ವರ್ಷದ ಗುಮಾಸ್ತನಾಗಿ ಹೋಗಿದ್ದರೋ ಆ ಊರಿಗೆ ಒಂದು ಸ್ವತಂತ್ರ ದೇಶದ ಪ್ರತಿನಿಧಿಯಾಗಿ!

ಕ್ರಾಸ್ ಒಬ್ಬರೇ ಅಲ್ಲ

ವಾಯುಪಡೆಯ ಸಮವಸ್ತ್ರ ಕಳಚಿ ವಕೀಲರ ಗೌನು ತೊಟ್ಟವರು ಆ ದ್ವೀಪಗಳಲ್ಲಿ ಇನ್ನೂ ಇದ್ದರು. ಬಾರ್ಬಡೋಸಿನ ಎರಲ್ ಬ್ಯಾರೋ ಅವರೂ ಯುದ್ಧದಲ್ಲಿ ನ್ಯಾವಿಗೇಟರ್ ಆಗಿದ್ದು, ಆಮೇಲೆ ಕಾನೂನು ಓದಿ, 1966ರಲ್ಲಿ ತಮ್ಮ ದೇಶ ಸ್ವತಂತ್ರವಾದಾಗ ಅದರ ಮೊದಲ ಪ್ರಧಾನಿಯಾದರು.

ಜಮೈಕದ ಡಡ್ಲಿ ಥಾಂಪ್ಸನ್ ಅವರ ಕತೆಯಲ್ಲಿ ನಮ್ಮ ದೇಶದ ಎಳೆಯೊಂದಿದೆ. ಮೇಷ್ಟರಾಗಿದ್ದ ಅವರು ರಾಯಲ್ ಏರ್‌ಫೋರ್ಸಿನಲ್ಲಿ ಫ್ಲೈಟ್ ಲೆಫ್ಟಿನೆಂಟ್ ಆದರು. ಯುದ್ಧದ ನಂತರ ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿ ಪೂರ್ವ ಆಫ್ರಿಕಕ್ಕೆ ಹೋದರು. 1952ರಲ್ಲಿ ಕೆನ್ಯಾದ ನಾಯಕ ಜೋಮೋ ಕೆನ್ಯಾಟ ಮತ್ತು ಐವರು ಸಂಗಡಿಗರನ್ನು ಬ್ರಿಟಿಷರು ಬಂಧಿಸಿದರು. ಕಪೆಂಗುರಿಯಾ ಎಂಬ ದೂರದ ಊರಿನಲ್ಲಿ, ಶಾಲೆಯ ಕಟ್ಟಡದಲ್ಲಿ ವಿಚಾರಣೆ. ಅವರ ಪರವಾಗಿ ವಾದಿಸಲು ಬೇರೆ ಬೇರೆ ದೇಶಗಳ ವಕೀಲರು ಬಂದರು. ಥಾಂಪ್ಸನ್ ಬಂದರು. ಇಂಗ್ಲೆಂಡಿನಿಂದ ಪ್ರಿಟ್, ನೈಜೀರಿಯದಿಂದ ಡೇವಿಸ್, ಭಾರತದಿಂದ ದಿವಾನ್ ಚಮನ್‌ಲಾಲ್ ಬಂದರು. ಕೆನ್ಯಾದಲ್ಲೇ ನೆಲೆಸಿದ್ದ ಭಾರತೀಯ ಮೂಲದ ಕಪಿಲಾ, ಜಸ್ವಂತ್ ಸಿಂಗ್, ಗೋವೆಯ ಮೂಲದ ಫಿಟ್ಜ್ ಡಿಸೋಜ ಜೊತೆಗೂಡಿದರು.

ಮೊಕದ್ದಮೆ ಸೋತಿತು. 1953ರಲ್ಲಿ ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಆದರೆ 1958ರಲ್ಲಿ ಮುಖ್ಯ ಸಾಕ್ಷಿಯೇ ತಾನು ಹೇಳಿದ್ದು ಸುಳ್ಳು ಎಂದು ಪ್ರಮಾಣಪತ್ರ ಬರೆದುಕೊಟ್ಟ. 1963ರಲ್ಲಿ ಅದೇ ಕೆನ್ಯಾಟ ಸ್ವತಂತ್ರ ಕೆನ್ಯಾದ ಪ್ರಧಾನಿ. ವಕೀಲ ಸೋತರೂ ಅವನು ಕೇಳಿದ ಪ್ರಶ್ನೆಗಳು ಕಾಗದದ ಮೇಲೆ ಉಳಿಯುತ್ತವೆ. ಒಂದಲ್ಲ ಒಂದು ದಿನ ಅವು ಉತ್ತರ ಕೇಳಿಯೇ ಕೇಳುತ್ತವೆ.

ನಮ್ಮ ಕೌಂಟರಿನ ಪಕ್ಕದಲ್ಲಿ

ಇಷ್ಟು ದೊಡ್ಡವರ ಕತೆ ಕೇಳಿ ‘ಇದೆಲ್ಲ ಎಲ್ಲೋ ದೂರದ್ದು’ ಎಂದುಕೊಳ್ಳಬೇಡಿ. ನಮ್ಮ ಬ್ಯಾಂಕುಗಳಲ್ಲಿ ಮಾಜಿ ಸೈನಿಕರಿಗೆ ಕೆಲಸ ಮೀಸಲಿರುತ್ತದೆ. ನಾನಿದ್ದ ಶಾಖೆಯೊಂದಕ್ಕೆ ವಾಯುಸೇನೆಯಿಂದ ಬಂದವರೊಬ್ಬರು ಸೇರಿದರು. ಹದಿನೆಂಟಕ್ಕೆ ಸೇನೆ ಸೇರಿ, ನಲವತ್ತು ತುಂಬುವ ಮೊದಲೇ ಪಿಂಚಣಿ ಪಡೆದವರು. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ ಎಲ್‌ಎಲ್‌ಬಿ ಓದುತ್ತಿದ್ದರು. ‘ಈ ವಯಸ್ಸಿನಲ್ಲಿ ಯಾಕೆ ಸ್ವಾಮಿ?’ ಎಂದು ನಾವು ಚಹಾದ ಹೊತ್ತಿನಲ್ಲಿ ಕಿಚಾಯಿಸುತ್ತಿದ್ದೆವು. ನಗುತ್ತಿದ್ದರು, ಉತ್ತರ ಹೇಳುತ್ತಿರಲಿಲ್ಲ.

ಒಮ್ಮೆ ಸಾಲಕ್ಕೆ ಬಂದ ರೈತರೊಬ್ಬರ ಕ್ರಯಪತ್ರವನ್ನು ಅವರು ನೋಡುತ್ತಿದ್ದರು. ಚಕ್ಕುಬಂದಿಯ ಒಂದೊಂದು ದಿಕ್ಕಿನ ಮೇಲೂ ಬೆರಳಿಟ್ಟು, ಪಕ್ಕದಲ್ಲಿ ನಕ್ಷೆ ಹರಡಿಕೊಂಡು ಓದುವುದು ಅವರ ಪದ್ಧತಿ. ಪತ್ರದಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿತ್ತು. ಅದರ ಪ್ರಕಾರ ಆ ರೈತರ ಬಾವಿ ಪಕ್ಕದವರ ಜಮೀನಿಗೆ ಸೇರುತ್ತಿತ್ತು! ಬರೆದ ದಿನದಿಂದ ಅದುವರೆಗೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಇವರು ಆ ರೈತರನ್ನು ಕೂರಿಸಿಕೊಂಡು, ತಿದ್ದುಪಡಿ ಪತ್ರ ಹೇಗೆ ಮಾಡಿಸಬೇಕೆಂದು ಬರೆದುಕೊಟ್ಟರು. ‘ವಿಮಾನ ಬಿಡುವ ಮೊದಲು ಪಟ್ಟಿ ಹಿಡಿದು ಒಂದೊಂದೂ ನೋಡುತ್ತಿದ್ದೆವು, ಆ ಅಭ್ಯಾಸ’ ಎಂದಷ್ಟೇ ಹೇಳಿದರು. ಅಂದಿನಿಂದ ನಾವು ಕಿಚಾಯಿಸುವುದನ್ನು ಬಿಟ್ಟೆವು.

ಮೊಮ್ಮಕ್ಕಳಿಗೆ ಒಂದು ಕೆಲಸ

ವಕೀಲರಾಗುವ ಆಸೆ ನಿಮಗಿದ್ದರೆ ದಾರಿ ಇದು. ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿ ಓದಬಹುದು, ಅಥವಾ ಬೇರೆ ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಓದಬಹುದು. ಆಮೇಲೆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ಪರೀಕ್ಷೆ ಪಾಸು ಮಾಡಬೇಕು. ಸೈನಿಕರ ಸೇವೆ, ಪಿಂಚಣಿಗಳ ತಕರಾರು ಕೇಳಲೆಂದೇ ನಮ್ಮ ದೇಶದಲ್ಲಿ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇದೆ. ಸೇನೆಯ ಬದುಕನ್ನು ಒಳಗಿನಿಂದ ಬಲ್ಲ ವಕೀಲರಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ.

ಅದಿರಲಿ, ಈ ಭಾನುವಾರಕ್ಕೆ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿರುವ ಭೂಪಟವನ್ನು ಹರಡಿ. ಪೋರ್ಟ್ ಆಫ್ ಸ್ಪೇನ್, ಲಂಡನ್, ಘಾನಾದ ಅಕ್ರಾ, ಪಶ್ಚಿಮ ಕ್ಯಾಮರೂನಿನ ಬುವೆಯಾ, ಟಾಂಜಾನಿಯಾದ ದಾರ್ ಎಸ್ ಸಲಾಮ್, ಮತ್ತೆ ಪೋರ್ಟ್ ಆಫ್ ಸ್ಪೇನ್. ಒಂದು ದಾರ ಹಿಡಿದು ಈ ಊರುಗಳನ್ನು ಕೂಡಿಸಿ. ಭೂಪಟದ ಮೂಲೆಯಲ್ಲಿರುವ ಅಳತೆಯನ್ನು ನೋಡಿ, ಕ್ರಾಸ್ ಎಷ್ಟು ಕಿಲೋಮೀಟರ್ ಸುತ್ತಿದರೆಂದು ಲೆಕ್ಕ ಹಾಕಿ. ನೀವೇ ನ್ಯಾವಿಗೇಟರ್. ಲೆಕ್ಕ ಸರಿಯೇ ಎಂದು ಅಜ್ಜ ನೋಡಲಿ, ಅಜ್ಜನ ಲೆಕ್ಕ ಸರಿಯೇ ಎಂದು ಅಜ್ಜಿ ನೋಡಲಿ.

ಟ್ರಿನಿಡಾಡ್ ಸರ್ಕಾರ 2011ರಲ್ಲಿ ತನ್ನ ವಾಯುಪಡೆಯ ನೆಲೆಗೆ ಅಲ್ರಿಕ್ ಕ್ರಾಸ್ ಅವರ ಹೆಸರಿಟ್ಟಿತು. ಅದನ್ನು ಕಣ್ಣಾರೆ ನೋಡುವ ಭಾಗ್ಯ 94 ವರ್ಷದ ಅವರಿಗಿತ್ತು. ಬಡವರ ಬಡಾವಣೆಗಳ ಜನರಿಗೆ ನೆರವಾಗಲು ಇಳಿವಯಸ್ಸಿನಲ್ಲಿ ಕಾಟನ್ ಟ್ರೀ ಫೌಂಡೇಶನ್ ಎಂಬ ಸಂಸ್ಥೆಯನ್ನೂ ಕಟ್ಟಿ ಬೆಳೆಸಿದ್ದರು. 2013ರ ಅಕ್ಟೋಬರ್ 4ರಂದು, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 80 ಸಲ ಹಾರಿದ ಲೆಕ್ಕ ಎಲ್ಲ ಕಡೆ ಬರೆದಿದೆ. ನ್ಯಾಯಪೀಠದಲ್ಲಿ ಕೂತು ಎಷ್ಟು ಜನರ ಮಾತನ್ನು ತಾಳ್ಮೆಯಿಂದ ಕೇಳಿದರೋ, ಎಷ್ಟು ಹುಡುಗರಿಗೆ ಕಾನೂನು ಕಲಿಸಿದರೋ, ಆ ಲೆಕ್ಕವನ್ನು ಯಾರೂ ಇಟ್ಟಿಲ್ಲ. ನನಗೇನೋ ಆ ಲೆಕ್ಕವೇ ದೊಡ್ಡದು ಎನಿಸುತ್ತದೆ.